ಬ್ಯಾಲೆಟ್‌ಗೆ ಏಜೆಂಟ್ ಬೇಕೆ?

ಪ್ರಶ್ನೆ: ಮಗನಿಗೆ 24 ವರ್ಷ, ಬಿ.ಕಾಂ. ಆಗಿದೆ. ಇಂಗ್ಲೆಂಡಿನಲ್ಲಿ ಎರಡು ವರ್ಷ ಇದ್ದು ದುಡಿದು ಬರುವ ವೀಸಾ ಇದೆಯಂತೆ. ಮೈಸೂರಿನ ಏಜೆಂಟೊಬ್ಬರು 60,000 ರೂಪಾಯಿ ಕೊಟ್ಟರೆ ‘ಬ್ಯಾಲೆಟ್‌ನಲ್ಲಿ ಹೆಸರು ಬರೋ ಹಾಗೆ ಮಾಡಿಸ್ತೀನಿ’ ಅನ್ನುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ಮದ್ದೂರು

ಉತ್ತರ: ದಯವಿಟ್ಟು ಕೊಡಬೇಡಿ. ಬ್ಯಾಲೆಟ್ ಅಂದರೆ ಚೀಟಿ ಎತ್ತಿದ ಹಾಗೆ. ಯಾರ ಹೆಸರು ಬರುತ್ತದೆಂದು ಯಾರೂ ಹೇಳಲಾರರು. ಹೆಸರು ನೋಂದಾಯಿಸಲು ಒಂದು ಪೈಸೆಯೂ ಬೇಡ. ನೀವು ಕೇಳುತ್ತಿರುವುದು ಯಂಗ್ ಪ್ರೊಫೆಷನಲ್ಸ್ ಸ್ಕೀಮ್. ಭಾರತ–ಬ್ರಿಟನ್ ನಡುವೆ 2021ರ ಮೇ ತಿಂಗಳಲ್ಲಿ ಒಪ್ಪಂದವಾಗಿ, 2023ರ ಫೆಬ್ರವರಿಯಲ್ಲಿ ಶುರುವಾಯಿತು. ವರ್ಷಕ್ಕೆ 3,000 ಸ್ಥಾನ, ವಯಸ್ಸು 18ರಿಂದ 30, ಪದವಿ ಆಗಿರಬೇಕು. 2023ರಿಂದ 2025ರವರೆಗೆ ಫೆಬ್ರವರಿ, ಜುಲೈಗಳಲ್ಲಿ ಎರಡೆರಡು ದಿನ ಮಾತ್ರ ಬ್ಯಾಲೆಟ್ ತೆರೆದಿತ್ತು. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಮಗನೇ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ ತುಂಬಿ, ಪಾಸ್‌ಪೋರ್ಟಿನ ಫೋಟೊ ಹಾಕಿದರೆ ಮುಗಿಯಿತು. ಮಾಡಿದರೆ ಕಾಲು ಗಂಟೆಯ ಕೆಲಸ. ಪಾಸ್‌ಪೋರ್ಟ್ ನವೀಕರಣವೋ ಹೆಸರಿನ ತಿದ್ದುಪಡಿಯೋ ಇದ್ದರೆ ಬ್ಯಾಲೆಟ್‌ಗೆ ಮೊದಲೇ ಮುಗಿಸಿಕೊಳ್ಳಲಿ. ಮೈಸೂರಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಹೆಸರು ಬಂದ ಮೇಲೆಯೇ ನಿಜವಾದ ಖರ್ಚು. 2025ರ ದರದಲ್ಲಿ ವೀಸಾ ಶುಲ್ಕ 319 ಪೌಂಡ್, ಎರಡು ವರ್ಷದ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಮುಂಗಡವಾಗಿ ಕಟ್ಟುವ ಹಣ) 1,552 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ ಸುಮಾರು 2.15 ಲಕ್ಷ. ಕ್ಷಯರೋಗ ಪರೀಕ್ಷೆಯ ಸರ್ಟಿಫಿಕೇಟೂ ಬೇಕು. ಅದನ್ನು ಬ್ರಿಟನ್ ಮಾನ್ಯ ಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ನಿಮ್ಮೂರಿನ ಲ್ಯಾಬ್ ರಿಪೋರ್ಟ್ ನಡೆಯದು.

ಪ್ರಶ್ನೆ: ಇಂಗ್ಲೆಂಡಿನ ಈ ವೀಸಾಕ್ಕೆ ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕಂತೆ. ಅರ್ಜಿ ಹಾಕುವ ದಿನ ಅಪ್ಪನ ಖಾತೆಯಿಂದ ಹಾಕಿಸಿಕೊಂಡರೆ ಸಾಕೆ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಸಾಲದು. ನಿಮ್ಮ ಖಾತೆಯಲ್ಲೇ ಸತತ 28 ದಿನ ಇರಬೇಕು. ಆ 28ನೇ ದಿನ ಅರ್ಜಿಯ ದಿನಕ್ಕೆ ಹಿಂದಿನ 31 ದಿನದೊಳಗೆ ಬರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 17ನೇ ದಿನ ಬೈಕಿನ ಇಎಂಐ ತಾನಾಗಿ ಕಟ್ ಆಗಿ ಖಾತೆಯಲ್ಲಿರುವ ಹಣ ಒಂದೇ ಒಂದು ದಿನ ಮಿತಿಗಿಂತ ಕೆಳಗಿಳಿದರೂ ಲೆಕ್ಕ ಮತ್ತೆ ಒಂದರಿಂದ ಶುರು. ಸಂಜೆ ದುಡ್ಡು ತುಂಬಿದ್ದರೂ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಹಾಗೇ ಉಳಿದಿರುತ್ತದೆ. ಇಎಂಐ, ಯುಪಿಐ ಯಾವುದೂ ಜೋಡಣೆಯಾಗದ ಬೇರೆ ಉಳಿತಾಯ ಖಾತೆಯಲ್ಲಿಡಿ. 115ರ ದರದಲ್ಲಿ ಅದು 2,90,950 ರೂಪಾಯಿ. ರೂಪಾಯಿ ಬೆಲೆ ಇಳಿದರೆ ಸಾಲದೇ ಹೋದೀತು, ಆಗಿನ ದರ ನೋಡಿ ಒಂದಷ್ಟು ಹೆಚ್ಚೇ ಇಡುವುದು ಕ್ಷೇಮ. ಶುಲ್ಕ, ಸರ್‌ಚಾರ್ಜ್‌ಗಳನ್ನು ಈ ಖಾತೆಯಿಂದ ಕಟ್ಟಬೇಡಿ.

ಪ್ರಶ್ನೆ: ಆಸ್ಟ್ರೇಲಿಯಾಕ್ಕೂ ಇಂಥದ್ದೇ ಇದೆಯೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಇದೆ, 462 ಎಂಬ ವರ್ಗದ ವೀಸಾ, 12 ತಿಂಗಳಿನದು. ವರ್ಷಕ್ಕೆ 1,000 ಸ್ಥಾನ. 2024ರ ಅಕ್ಟೋಬರಿನ ಮೊದಲ ಬ್ಯಾಲೆಟ್‌ಗೆ ಎರಡೇ ವಾರದಲ್ಲಿ ಸುಮಾರು 40,000 ಅರ್ಜಿ ಬಂದವು, ಹಾಗಾಗಿ ಇದನ್ನೇ ನಂಬಿ ಇರುವ ಕೆಲಸ ಬಿಡಬೇಡಿ. ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್. ಪಾಸ್‌ಪೋರ್ಟಿನ ಜತೆ ಪ್ಯಾನ್ ಕಾರ್ಡೂ ಬೇಕು. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು, ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇರಬೇಕು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಹೆಸರು ಬಂದರೆ ಅರ್ಜಿ ಹಾಕಲು ಸಿಗುವುದು 28 ದಿನ ಮಾತ್ರ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕು, ಆದರೆ ಆಗ ಪರೀಕ್ಷೆಗೆ ದಿನಾಂಕ ಹುಡುಕುತ್ತ ಕೂತರೆ ಗಡುವು ತಪ್ಪುತ್ತದೆ. ಬ್ಯಾಲೆಟ್ ತೆರೆಯುವ ಮುನ್ನವೇ ಬರೆದುಬಿಡಿ.