ಐರ್ಲೆಂಡಿನ ರಾಸ್‌ಕಾಮನ್‌ನಿಂದ: ಬುಲಕ್ ತೂಕ ಯಾಕೆ ಕಮ್ಮಿ ಬರುತ್ತದೆ ಅಂದ್ರೆ…

ತಮ್ಮಾ, ನೀನು ಬರೆದದ್ದು ಓದಿ ನಗು ಬಂತು. ಹದಿನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಹೆಂಡತಿಯ ನರ್ಸ್ ಕೆಲಸದ ಬೆನ್ನು ಹಿಡಿದು ಹಾಸನದಿಂದ ಐರ್ಲೆಂಡಿಗೆ ಬಂದವನು. ನೀನು ಸ್ಟಾಂಪ್ 1ಜಿ ಮೇಲೆ, ಅಂದ್ರೆ ಇಲ್ಲಿ ಕೆಲಸಕ್ಕಿರುವವರ ಗಂಡ-ಹೆಂಡತಿಗೆ ಕೊಡುವ ಅನುಮತಿಯ ಮೇಲೆ ಬರುತ್ತಿದ್ದೀಯ, ಹಾಗಾಗಿ ಬೇರೆ ವರ್ಕ್ ಪರ್ಮಿಟ್ ತಲೆನೋವು ಇಲ್ಲ. ನೀನು ಕೇಳಿದ್ದು ಮೂರು. ಇಲ್ಲಿ ಬದುಕು ಹೇಗೆ? ಮಾಂಸದ ದನ ಸಾಕುವ ಕೆಲಸ ಅಂತ ಅಮ್ಮನಿಗೆ ಹೇಗೆ ಹೇಳಲಿ? ಮತ್ತೆ ನೀನು ಕೆಲಸಕ್ಕೆ ಸೇರಲಿರುವ ಸಾವಯವ ಫಾರ್ಮಿನ ಯಜಮಾನ ಫೋನಿನಲ್ಲಿ ಕೇಳಿದ್ದು: "ಕಾರ್ಕಸ್ 340 ಕೆಜಿ ಬರಬೇಕಾದ ಕಡೆ 300ಕ್ಕೆ ನಿಲ್ಲುತ್ತಿದೆ, ನಿನಗೇನು ಅನಿಸುತ್ತದೆ?"

ಬದುಕಿನ ಮಾತು ಬೇಗ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟೂವರೆಗೂ ಕತ್ತಲೆ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲೆ. ಮಳೆ ನಮ್ಮ ಮಲೆನಾಡಿನ ಹಾಗೆ ಹೊಡೆಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ. ಥಿಯರಿ ಟೆಸ್ಟಿನಿಂದಲೇ ಶುರು ಮಾಡಬೇಕು. ಹಳ್ಳಿಯಲ್ಲಿ ಕಾರಿಲ್ಲದೆ ಏನೂ ನಡೆಯುವುದಿಲ್ಲ, ಆದ್ದರಿಂದ ಬಂದ ವಾರವೇ ಅದಕ್ಕೆ ಕೈ ಹಾಕು. ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳು. ನಮ್ಮಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನೇ ಫೋನ್ ಮಾಡಿ, "ಮೇವಾದ್ರೂ ಸರಿಯಾಗಿ ಹಾಕ್ತೀಯೇನೋ?" ಅಂತ ಕೇಳಿದಳು.

ಇನ್ನು ಯಜಮಾನನ ಪ್ರಶ್ನೆ. ಮೊದಲು ಲೆಕ್ಕ ತಿಳಕೋ. ಕಾರ್ಕಸ್ ಅಂದ್ರೆ ತಲೆ, ಕಾಲು, ಚರ್ಮ, ಒಳಗಿನ ಅಂಗಗಳೆಲ್ಲ ತೆಗೆದ ಮೇಲೆ ಕೊಕ್ಕೆಗೆ ನೇತಾಡುವುದು. ಬಿಸಿಯಿದ್ದಾಗ ತೂಗಿ, ಅದರಲ್ಲಿ ನೂರಕ್ಕೆ ಎರಡು ಕಳೆದು, ಉಳಿದದ್ದಕ್ಕೆ ದುಡ್ಡು. ಜೀವಂತ ತೂಕದಲ್ಲಿ ಎಷ್ಟು ಪಾಲು ಕಾರ್ಕಸ್ ಆಗಿ ಉಳಿಯಿತು ಅನ್ನುವುದಕ್ಕೆ ಇಲ್ಲಿ ಕಿಲ್ ಔಟ್ ಅನ್ನುತ್ತಾರೆ. ಹಾಲಿನ ತಳಿ ಫ್ರೀಶಿಯನ್ ಆದರೆ ಸುಮಾರು ಅರ್ಧ. ಒಳ್ಳೆಯ ಶರೋಲೆ, ಲಿಮೊಸಿನ್ ಮಿಶ್ರ ತಳಿ ಆದರೆ ನೂರಕ್ಕೆ 55, ಅದರ ಮೇಲೂ. 620 ಕೆಜಿಯ ಎರಡು ಬುಲಕ್ ಪಕ್ಕಪಕ್ಕ ನಿಂತಿರಲಿ. ಬುಲಕ್ ಅಂದ್ರೆ ನಮ್ಮೂರಲ್ಲಿ ಬೀಜ ಒಡೆದ ಹೋರಿ. ಒಂದು 310 ಕೊಡುತ್ತದೆ, ಇನ್ನೊಂದು 341. ಆ ಯಜಮಾನ ಹೇಳುವ ಕೊರತೆಯಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಕ್ಕಿತು, ಅಲ್ವಾ?

ಹಾಗಂತ ದೊಡ್ಡ ತಳಿ ತಂದುಬಿಡು ಅಂತ ಬಾಯಿ ಬಿಡಬೇಡ. ಸಾವಯವದಲ್ಲಿ ಹಿಂಡಿ ಸುರಿಯುವ ಹಾಗಿಲ್ಲ. ದಿನದ ಒಣ ಆಹಾರದಲ್ಲಿ ನೂರಕ್ಕೆ 60 ಆದರೂ ಹುಲ್ಲು, ಸೈಲೇಜಿನಂಥ (ಗಾಳಿಯಾಡದಂತೆ ಮುಚ್ಚಿಟ್ಟ ಹಸಿ ಮೇವು, ನಮ್ಮ ರಸಮೇವು) ಮೇವೇ ಇರಬೇಕು ಅಂತ ಯುರೋಪಿನ ನಿಯಮ ಇದೆ. ಸಾವಯವ ಹಿಂಡಿಯ ಬೆಲೆ ಕೇಳಿದರೆ ಆ 40ರ ಹತ್ತಿರಕ್ಕೂ ಯಾರೂ ಹೋಗುವುದಿಲ್ಲ. ಶರೋಲೆಗೆ ಮೈ ಇದೆ, ಆದರೆ ಬರೀ ಹುಲ್ಲಿನ ಮೇಲೆ ಕೊಬ್ಬು ಕೂರುವುದು ತಡ. ಆಂಗಸ್, ಹೆರಿಫರ್ಡ್ ಸಣ್ಣ ಮೈಯವು, ಬೇಗ ತುಂಬಿಕೊಳ್ಳುತ್ತವೆ. ಇಲ್ಲಿನ ಫಾರ್ಮ್‌ಗಳಲ್ಲಿ ಸಿಮೆಂಟಲ್ ಅಥವಾ ಲಿಮೊಸಿನ್ ಮಿಶ್ರ ಹಸುವಿಗೆ ಆಂಗಸ್ ಹೋರಿ ಬಿಡುವುದನ್ನು ನೋಡುತ್ತೀಯ. ನನಗೂ ಅದೇ ಸರಿ ಅನಿಸುತ್ತದೆ. ಸಿಮೆಂಟಲ್ ರಕ್ತ ಇದ್ದರೆ ತಾಯಿಗೆ ಹಾಲು ಚೆನ್ನಾಗಿರುತ್ತದೆ. ನಿಯಮದ ಪ್ರಕಾರ ಕರುವಿಗೆ 90 ದಿನ ಹಾಲು ಕೊಟ್ಟರೆ ಸಾಕು, ಆದರೆ ಇಲ್ಲಿ ಎಂಟು ತಿಂಗಳು ತಾಯಿಯ ಜೊತೆ ಬಿಡುತ್ತಾರೆ. ಆಗ ಬಾರದ ಮೈ ಆಮೇಲೆ ಬರುವುದು ಕಷ್ಟ.

ಚಳಿಗಾಲದಲ್ಲಿ ಮಾತ್ರ ಆತುರ ಬೇಡ. ನವೆಂಬರಿನಿಂದ ಮಾರ್ಚ್‌ವರೆಗೆ ದನ ಕೊಟ್ಟಿಗೆಯಲ್ಲಿ. ಆಗ ದಿನಕ್ಕೆ ಅರ್ಧ ಕೆಜಿ ಏರಿದರೆ ಸಾಕು. ನಾನು ಮೊದಲ ವರ್ಷ ಪಾಪ ಅಂತ ಒಂದು ಗುಂಪಿಗೆ ಜಾಸ್ತಿ ಹಿಂಡಿ ಹಾಕಿಸಿದೆ. ವಸಂತದಲ್ಲಿ ಹೊರಗೆ ಬಿಟ್ಟಾಗ, ಬಡಕಲಾಗಿದ್ದ ಇನ್ನೊಂದು ಗುಂಪು ಹೊಸ ಹುಲ್ಲು ತಿಂದು ಹಾರಿಕೊಂಡು ಬೆಳೆಯಿತು. ಜುಲೈ ಹೊತ್ತಿಗೆ ಎರಡಕ್ಕೂ ಅಂಥ ವ್ಯತ್ಯಾಸ ಉಳಿಯಲಿಲ್ಲ. ಹಿಂಡಿಯ ದುಡ್ಡು ನೀರಿನಲ್ಲಿ ಹೋಮ. ಆದರೆ ಸೈಲೇಜ್ ಮಾತ್ರ ಒಳ್ಳೆಯದಿರಬೇಕು. ಯೂರಿಯಾ ಹಾಕುವ ಹಾಗಿಲ್ಲದ್ದರಿಂದ ನೆಲಕ್ಕೆ ಸಾರಜನಕ ತರುವುದು ಕ್ಲೋವರ್ ಗಿಡ. ಕೆಂಪು ಕ್ಲೋವರ್ ಸೇರಿದ ಸೈಲೇಜಿನಲ್ಲಿ ಪ್ರೋಟೀನ್ ಚೆನ್ನಾಗಿರುತ್ತದೆ. ಹುಲ್ಲು ಬಲಿತು ಕಡ್ಡಿಯಾದ ಮೇಲೆ ಕೊಯ್ದರೆ ಅದು ಸುಮ್ನೆ ಹೊಟ್ಟೆ ತುಂಬಿಸುತ್ತದೆ ಅಷ್ಟೇ.

ನನ್ನನ್ನು ಚೆನ್ನಾಗಿ ಮೋಸ ಮಾಡಿದ್ದು ಯಕೃತ್ತಿನ ಹುಳ. ಇಲ್ಲಿ ಲಿವರ್ ಫ್ಲೂಕ್ ಅಂತಾರೆ. ಒಂದು ಸಲ ಹನ್ನೊಂದು ಬುಲಕ್ ಕಳಿಸಿದೆವು. ಹಸಿ ಹುಲ್ಲು ತಿಂದು ಹೊಟ್ಟೆ ಡೋಲಿನ ಹಾಗೆ ಇತ್ತು, ತೂಕದ ಯಂತ್ರ 610, 620 ಅಂತ ತೋರಿಸುತ್ತಿತ್ತು. ನಮ್ಮ ಯಜಮಾನನೂ ಖುಷಿ, ನಾನೂ ಖುಷಿ. ಮಾಂಸದ ಕಾರ್ಖಾನೆಯ ಚೀಟಿ ಬಂತು: 296, 302, 299… ಕೆಳಗೆ ಫ್ಲೂಕ್‌ನಿಂದಾಗಿ ಏಳು ಲಿವರ್ ತಿರಸ್ಕೃತ ಅಂತ ಇತ್ತು. ಜೊಂಡು ಬೆಳೆದ ಜೌಗು ಹೊಲದಲ್ಲಿ ಒಂದು ಪುಟ್ಟ ಬಸವನಹುಳು ಇರುತ್ತದೆ, ಹುಳದ ಸಂಸಾರದ ಒಂದು ಭಾಗ ಅದರ ಮೈಯೊಳಗೇ ನಡೆಯುವುದು. ರಾಸ್‌ಕಾಮನ್ ಕಡೆ ಜೌಗಿಗೆ ಬರವಿಲ್ಲ. ಸಾವಯವದಲ್ಲಿ ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಎಲ್ಲದಕ್ಕೂ ಔಷಧ ಕುಡಿಸುವ ಹಾಗಿಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಡಾಕ್ಟರ್ ಬರೆದುಕೊಟ್ಟ ಮೇಲೆ ಔಷಧ. ಆಮೇಲೆ ಮಾಂಸಕ್ಕೆ ಕಳಿಸಲು ಬಾಟಲಿಯ ಮೇಲಿನ ಗಡುವಿನ ಎರಡರಷ್ಟು ದಿನ ಕಾಯಬೇಕು. ಮುಂದಿನ ವರ್ಷ ನಾವು ಮೊದಲು ಮಾಡಿದ ಕೆಲಸ, ಆ ಜೌಗಿಗೆ ಬೇಲಿ.

ಕೊನೆಗೆ ಯಾವಾಗ ಕಳಿಸಬೇಕು ಅನ್ನುವುದು. ಇದಕ್ಕೆ ನಿನ್ನ ಕೈ ಬೇಕು. ಬಾಲದ ಬುಡದ ಎರಡೂ ಕಡೆ ಬೆರಳು ಒತ್ತು. ಮೂಳೆ ಚೂಪಾಗಿ ಸಿಕ್ಕರೆ ಇನ್ನೂ ಆಗಿಲ್ಲ. ಮೆತ್ತಗೆ ಹಿಟ್ಟಿನ ಹಾಗೆ ಸಿಕ್ಕಿ, ಒತ್ತಿದರೆ ಒಳಗೆ ಮೂಳೆ ತಾಗಿದರೆ ಸರಿ. ಮೂಳೆಯೇ ಸಿಗದಿದ್ದರೆ ತಡವಾಗಿದೆ. ಕಾರ್ಖಾನೆಯಲ್ಲಿ ಕೊಬ್ಬಿಗೆ 1ರಿಂದ 5ರವರೆಗೆ ಅಂಕ, ಮೈಕಟ್ಟಿಗೆ ಇ, ಯು, ಆರ್, ಒ, ಪಿ ಅಂತ ಅಕ್ಷರ, ಇ ಎಲ್ಲಕ್ಕಿಂತ ಒಳ್ಳೆಯದು. ಕೊಬ್ಬು 3ರ ಆಸುಪಾಸು ಬಂದರೆ ನೆಮ್ಮದಿ. ಅಕ್ಟೋಬರ್ ಹುಲ್ಲು ನೋಡಲು ಹಸಿರು, ಒಳಗೆಲ್ಲ ನೀರು. ಅದರ ಮೇಲೆ ದೊಡ್ಡ ಬುಲಕ್ ತೂಕ ಕಟ್ಟುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಆಯ್ದು ಆಯ್ದು ಕಳಿಸಬೇಕು, ಕಡಸುಗಳನ್ನು ಇನ್ನೂ ಮುಂಚೆ. ಎಲ್ಲವನ್ನೂ ಒಂದೇ ಲಾರಿಗೆ ತುಂಬುವವರು ಪ್ರತಿವರ್ಷ 300ರ ಕಥೆಯನ್ನೇ ಹೇಳುತ್ತಿರುತ್ತಾರೆ.

ಆದ್ದರಿಂದ ಯಜಮಾನ ಮತ್ತೆ ಫೋನ್ ಮಾಡಿದರೆ ತಳಿ, ಹಿಂಡಿ ಅಂತ ಏನೂ ಹೇಳಲು ಹೋಗಬೇಡ. ಹೋದ ಎರಡು ವರ್ಷದ ಕಾರ್ಖಾನೆ ಚೀಟಿ ಕೇಳು. ಯಾವ ತಿಂಗಳು ಹೋದವು, ಕೊಬ್ಬಿನ ಅಂಕ ಎಷ್ಟು, ಲಿವರ್ ಬಗ್ಗೆ ಏನಾದರೂ ಬರೆದಿದೆಯಾ ನೋಡು. ಫೋಟೋ ತೆಗೆದು ನನಗೂ ಕಳಿಸು. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ. ಗಂಬೂಟ್ ಮಾತ್ರ ಅಲ್ಲಿಂದ ಹೊತ್ತು ತರಬೇಡ. ಇಲ್ಲೇ ತಗೋ, ಒಂದು ಸೈಜ್ ದೊಡ್ಡದು, ಒಳಗೆ ಎರಡು ಸಾಕ್ಸ್ ಹಾಕಬೇಕಾಗುತ್ತದೆ.