ಐವರು ಬ್ಯಾಕ್‌ಗಳಲ್ಲಿ ಮೂವರೇ ಉಳಿದಿದ್ದಾರೆ, ಹೊಸ ಸೀಸನ್‌ಗೆ ಹಾಕಿ ತಂಡದ ರಕ್ಷಣೆ ಸಜ್ಜು ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ನಿಮ್ಮ ಕ್ಲಬ್‌ನಲ್ಲಿ 18 ಆಟಗಾರರಿದ್ದಾರೆ, ಲೀಗ್‌ಗೆ ಆರು ವಾರ ಇದೆ. ಐವರು ಬ್ಯಾಕ್‌ಗಳಲ್ಲಿ ಇಬ್ಬರು ಕೆಲಸದ ಮೇಲೆ ಬೇರೆ ಊರಿಗೆ ಹೋದರು, ಮಿಡ್‌ಫೀಲ್ಡರ್‌ಗಳು ಮಾತ್ರ ಏಳು ಜನ ಇದ್ದಾರೆ. ಹೊರಗಿನಿಂದ ಇಬ್ಬರು ಬ್ಯಾಕ್‌ಗಳನ್ನು ಕರೆತರಬೇಕಾ?

ಒಬ್ಬರು ಸಾಕು, ಅದೂ ಮೂರು ವಾರ ಕಳೆದ ಮೇಲೆ. ಅಲ್ಲಿಯವರೆಗೆ ಹೆಸರು ಎಣಿಸಬೇಡಿ, ರಕ್ಷಣೆಯಲ್ಲಿ ಇರುವ ಕೆಲಸಗಳನ್ನು ಎಣಿಸಿ. ಬ್ಯಾಕ್ ಎಂಬ ಹಣೆಪಟ್ಟಿ ಹೊತ್ತ ಆರು ಜನರಿದ್ದರೂ ಪೆನಾಲ್ಟಿ ಕಾರ್ನರ್‌ನಲ್ಲಿ (ಫೌಲ್‌ಗೆ ಶಿಕ್ಷೆಯಾಗಿ ಎದುರಾಳಿಗೆ ಗೋಲಿನ ಹತ್ತಿರ ಸಿಗುವ ಅವಕಾಶ) ಹೊಡೆಯುವವನ ಕಡೆ ಓಡಿ ತಡೆಯುವವನು, ಅಂದರೆ ರಷರ್, ಒಬ್ಬನೇ ಆದರೆ ಆ ತಂಡದ ರಕ್ಷಣೆ ತೆಳುವೇ.

ಕಾರಣ ನಿಯಮದಲ್ಲೇ ಇದೆ. ಹಾಕಿಯಲ್ಲಿ ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಆದರೆ ಅಂಪೈರ್ ಪೆನಾಲ್ಟಿ ಕಾರ್ನರ್ ಕೊಟ್ಟ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾವಣೆ ನಿಲ್ಲುತ್ತದೆ. ಕೀಪರ್ ಗಾಯಗೊಂಡಾಗ ಅಥವಾ ಕಾರ್ಡ್ ಪಡೆದಾಗ ಮಾತ್ರ ವಿನಾಯಿತಿ. ತಡೆಯುವ ತಂಡದಲ್ಲಿ ಕೀಪರ್ ಸೇರಿ ಐವರು ಗೋಲಿನ ಕಡೆ ಬ್ಯಾಕ್‌ಲೈನ್ ಹಿಂದೆ ನಿಲ್ಲಬೇಕು, ಉಳಿದವರು ಮಧ್ಯರೇಖೆಯ ಆಚೆ. ನಿಮ್ಮ ಮೊದಲ ರಷರ್ ಆಗತಾನೆ ಬೆಂಚಿಗೆ ಹೋಗಿ ನೀರು ಕುಡಿಯುತ್ತಿದ್ದರೆ ಅವನನ್ನು ಒಳಗೆ ಕರೆಸುವಂತಿಲ್ಲ. ಟರ್ಫ್ ಮೇಲೆ ಆ ಹೊತ್ತಿಗೆ ಯಾರಿದ್ದಾರೋ ಅವರೇ ಓಡಬೇಕು. ಹಾಗಾಗಿ ಪ್ರತಿ ರೊಟೇಶನ್‌ನಲ್ಲೂ (ಒಂದು ಹೊತ್ತಿಗೆ ಒಟ್ಟಿಗೆ ಆಡುವ ಗುಂಪು) ಕಾರ್ನರ್ ತಡೆಯುವ ಪೂರ್ತಿ ಒಂದು ಸೆಟ್ ಇರಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಎಡಬದಿಯಲ್ಲಿ ಕೆಲಸಗಳನ್ನು ಬರೆಯಿರಿ: ಮೊದಲ ರಷರ್, ಎರಡನೇ ರಷರ್, ಎರಡು ಪೋಸ್ಟ್ (ಗೋಲುಕಂಬ) ಕಾಯುವವರು, ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್, ಇಬ್ಬರು ಸೆಂಟರ್ ಬ್ಯಾಕ್, ಮೇಲಿಂದ ಬರುವ ಏರಿಯಲ್ (ಎತ್ತರಕ್ಕೆ ಎತ್ತಿ ಕಳಿಸಿದ ಚೆಂಡು) ಇಳಿಸುವವನು, ಏರಿಯಲ್ ಎಸೆಯುವವನು, ನಮ್ಮ ಕಡೆಯ ಡ್ರ್ಯಾಗ್ ಫ್ಲಿಕರ್ (ಕಾರ್ನರ್ ಸಿಕ್ಕಾಗ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವನು). ಮೇಲ್ಗಡೆ ನಿಮ್ಮ ಮೂರು ರೊಟೇಶನ್‌ಗಳು. ಪ್ರತಿ ಚೌಕದಲ್ಲಿ ಒಂದು ಹೆಸರು ತುಂಬಿಸಿ, ಆ ರೊಟೇಶನ್‌ನಲ್ಲಿ ಟರ್ಫ್ ಮೇಲೆ ಇರುವವರ ಹೆಸರು ಮಾತ್ರ. ಖಾಲಿ ಉಳಿದ ಚೌಕಗಳೇ ನಿಮ್ಮ ಕೊರತೆ. ಹೆಚ್ಚಿನ ತಂಡಗಳಲ್ಲಿ ಸೆಂಟರ್ ಬ್ಯಾಕ್ ಸಾಲು ತುಂಬಿರುತ್ತದೆ, ರಷರ್ ಮತ್ತು ಲೆಫ್ಟ್ ಬ್ಯಾಕ್ ಸಾಲು ಖಾಲಿ ಹೊಡೆಯುತ್ತಿರುತ್ತದೆ.

ಇದು ದೊಡ್ಡ ಮಟ್ಟದಲ್ಲಿ ಹೇಗೆ ಕಾಡುತ್ತದೆ ಎನ್ನುವುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. 16 ಜನರ ಭಾರತ ತಂಡದಲ್ಲಿ ಡಿಫೆಂಡರ್‌ಗಳು ಐವರು: ಹರ್ಮನ್‌ಪ್ರೀತ್ ಸಿಂಗ್, ಅಮಿತ್ ರೋಹಿದಾಸ್, ಜರ್ಮನ್‌ಪ್ರೀತ್ ಸಿಂಗ್, ಸುಮಿತ್, ಸಂಜಯ್. ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್‌ನ 17ನೇ ನಿಮಿಷದಲ್ಲಿ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಉಳಿದ 43 ನಿಮಿಷ ಹತ್ತೇ ಜನ ಆಡಿದರು. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದೆ ಬಂದು ಆ ಜಾಗ ತುಂಬಿದರು, ಪಂದ್ಯ 1-1ರಲ್ಲಿ ನಿಂತು ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಮಿಡ್‌ಫೀಲ್ಡರ್ ಒಬ್ಬ ಬ್ಯಾಕ್ ಆಡಬಲ್ಲವನಾಗಿದ್ದರೆ ಸಿಗುವ ಲಾಭ ಇದು. ಆದರೆ ರೋಹಿದಾಸ್ ತಂಡದ ಮುಖ್ಯ ರಷರ್ ಕೂಡ. ಒಂದು ಪಂದ್ಯದ ನಿಷೇಧದಿಂದ ಸೆಮಿಫೈನಲ್‌ಗೆ ಅವರಿಲ್ಲ, 15 ಜನರಲ್ಲೇ ಆಡಬೇಕಾಯಿತು. ಜರ್ಮನಿ 3-2ರಿಂದ ಗೆದ್ದ ಆ ಪಂದ್ಯದಲ್ಲಿ ಅವರ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ, ಹೊಡೆದದ್ದು ಗೊನ್ಸಾಲೊ ಪೆಯ್ಯಾಟ್. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಬ್ಯಾಕ್ ಜಾಗಕ್ಕೆ ಬದಲಿ ಸಿಗುವುದು ಬೇರೆ, ರಷರ್‌ಗೆ ಬದಲಿ ಸಿಗುವುದು ಬೇರೆ, ಅಷ್ಟೇ.

ಈಗ ನಿಮ್ಮ ಏಳು ಮಿಡ್‌ಫೀಲ್ಡರ್‌ಗಳ ವಿಷಯ. ಇಬ್ಬರನ್ನು ಆರಿಸಿ, ಮೊದಲ ದಿನದಿಂದಲೇ ಬ್ಯಾಕ್‌ಗಳ ಜೊತೆ ಅಭ್ಯಾಸಕ್ಕೆ ಹಾಕಿ. ವೇಗ ನೋಡಿ ಆರಿಸಬೇಡಿ. ಎದುರಾಳಿಯ ಮುಂದೆ ತಾಳ್ಮೆಯಿಂದ ಹಿಂದೆ ಸರಿಯಬಲ್ಲವನು, ಸ್ಟಿಕ್ ನೆಲಕ್ಕಿಟ್ಟು ಕಾಯಬಲ್ಲವನು ಬೇಕು. ಒಬ್ಬನನ್ನು ಬಲಕ್ಕೆ, ಇನ್ನೊಬ್ಬನನ್ನು ಎಡಕ್ಕೆ ಬೆಳೆಸಿ. ಎರಡೂ ಒಂದೇ ಕೆಲಸ ಅಲ್ಲ. ಹಾಕಿಯಲ್ಲಿ ಎಲ್ಲರ ಸ್ಟಿಕ್ಕೂ ಬಲಗೈ ಸ್ಟಿಕ್ಕೇ, ಟ್ಯಾಕಲ್‌ನ ಬಲ ಇರುವುದು ನಮ್ಮ ಬಲಬದಿಯಲ್ಲಿ. ರೈಟ್ ಬ್ಯಾಕ್ ಎದುರಾಳಿಯನ್ನು ಸೈಡ್‌ಲೈನ್ ಕಡೆ ತಳ್ಳಿದರೆ ಚೆಂಡು ಅವನ ಫೋರ್‌ಹ್ಯಾಂಡ್‌ಗೇ ಬರುತ್ತದೆ. ಲೆಫ್ಟ್ ಬ್ಯಾಕ್‌ಗೆ ಆ ಅನುಕೂಲ ಇಲ್ಲ. ಸೈಡ್‌ಲೈನ್ ಕಡೆ ತಳ್ಳಿದರೆ ಸ್ಟಿಕ್ ತಿರುಗಿಸಿ ಎಡಬದಿಯಲ್ಲಿ ರಿವರ್ಸ್ ಟ್ಯಾಕಲ್ ಮಾಡಬೇಕು, ಒಳಕ್ಕೆ ಬಿಟ್ಟರೆ ಚೆಂಡು ಗೋಲಿನ ಕಡೆ ಹೋಗುತ್ತದೆ. ಅವನು ಕಾಲಲ್ಲೇ ಕೆಲಸ ಮಾಡಬೇಕು, ಎದುರಾಳಿಯ ಹೊರಬದಿಗೆ ಮೊದಲೇ ಹೋಗಿ ನಿಲ್ಲಬೇಕು. ಇದಕ್ಕೆ ಸೈಡ್‌ಲೈನ್‌ನಿಂದ ಎಂಟು ಮೀಟರ್ ಅಗಲದ ಪಟ್ಟಿ ಮಾಡಿ, ಒಬ್ಬನ ಎದುರು ಒಬ್ಬ, ಸ್ಟಿಕ್ ತಾಗಿಸದೆ ಹಿಂದೆ ಸರಿಯುವುದನ್ನೇ ಮೊದಲ ವಾರ ಮಾಡಿಸಿ. ಟ್ಯಾಕಲ್ ಎರಡನೇ ವಾರ.

ಮಿಡ್‌ಫೀಲ್ಡರ್‌ಗಳು ಹಿಂದೆ ಬಂದಾಗ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ. ಮಧ್ಯದಲ್ಲಿ ಮೈಮೇಲೆ ಬಿದ್ದು ಚೆಂಡು ಕಸಿಯುವ ರೂಢಿ ಇರುತ್ತದೆ, ಅಲ್ಲಿ ತಪ್ಪಿದರೆ ಹಿಂದೆ ಇನ್ನೊಬ್ಬ ಇರುತ್ತಾನೆ. ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಒಳಗೆ ಅದೇ ಮಾಡಿದರೆ ಕಾಲಿಗೆ ಚೆಂಡು, ಪೆನಾಲ್ಟಿ ಕಾರ್ನರ್. ಡಿ ಹೊರಗಾದರೂ 23 ಮೀಟರ್ ಗೆರೆಯೊಳಗೆ ಬೇಕೆಂದೇ ಫೌಲ್ ಮಾಡಿದರೆ ಅದೂ ಪೆನಾಲ್ಟಿ ಕಾರ್ನರ್. ಏರಿಯಲ್‌ನಲ್ಲೂ ಎಡವುತ್ತಾರೆ: ಚೆಂಡು ಇಳಿಸಿಕೊಳ್ಳುವ ಎದುರಾಳಿಗೆ ಐದು ಮೀಟರ್ ಜಾಗ ಬಿಡಬೇಕು, ಚೆಂಡು ನೆಲಕ್ಕೆ ಬಂದು ಹಿಡಿತಕ್ಕೆ ಸಿಗುವವರೆಗೆ ಹತ್ತಿರ ಹೋಗುವಂತಿಲ್ಲ. ಆದ್ದರಿಂದ ಅಭ್ಯಾಸ ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು ಲೆಕ್ಕ ಇಡುವ ಬದಲು ಬಿಟ್ಟುಕೊಟ್ಟ ಪೆನಾಲ್ಟಿ ಕಾರ್ನರ್ ಲೆಕ್ಕ ಇಡಿ, ಪಕ್ಕದಲ್ಲಿ ಕಾರಣ ಮತ್ತು ಹೆಸರು. ನಾಲ್ಕು ಪಂದ್ಯ ಆದಮೇಲೆ ಆ ಪಟ್ಟಿ ನಿಮಗೆ ಎಲ್ಲ ಹೇಳುತ್ತದೆ.

ರಷರ್ ತಯಾರಿಗೆ ಅವಸರ ಬೇಡ. ಕನಿಷ್ಠ ಮೂವರು ಬೇಕು, ಮೂವರೂ ಬೇರೆ ಬೇರೆ ರೊಟೇಶನ್‌ನವರು, ಮೂವರೂ ಒಪ್ಪಿ ಬಂದವರು. ಭಯ ಇರುವವನನ್ನು ಬಲವಂತವಾಗಿ ಓಡಿಸಬೇಡಿ. ಅವನು ಕೊನೇ ಹೆಜ್ಜೆಯಲ್ಲಿ ಮುಖ ತಿರುಗಿಸುತ್ತಾನೆ, ಪೆಟ್ಟು ಬೀಳುವುದು ಆಗಲೇ. ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ ಪ್ಲಾಸ್ಟಿಕ್, ಡ್ರ್ಯಾಗ್ ಫ್ಲಿಕ್‌ಗೆ ಎತ್ತರದ ಮಿತಿ ಇಲ್ಲ. ಮಾಸ್ಕ್, ಎರಡೂ ಕೈಗೆ ಗ್ಲೌಸ್, ಮಂಡಿ ಪ್ಯಾಡ್, ಅಬ್ಡಾಮಿನಲ್ ಗಾರ್ಡ್ ಇಲ್ಲದೆ ಅಭ್ಯಾಸದಲ್ಲೂ ಓಡಿಸಬಾರದು. ಮೊದಲ ವಾರ ಚೆಂಡಿಲ್ಲದೆ ಓಟದ ದಾರಿ ಮಾತ್ರ, ಎರಡನೇ ವಾರ ಮೆತ್ತನೆಯ ಚೆಂಡು, ಆಮೇಲೆ ನಿಜವಾದದ್ದು. ಒಬ್ಬನಿಗೆ ಒಂದು ದಿನಕ್ಕೆ ಪೂರ್ಣ ವೇಗದ ಹತ್ತು ಹನ್ನೆರಡು ಓಟ ಸಾಕು, ಅದಕ್ಕಿಂತ ಹೆಚ್ಚಾದರೆ ಕಾಲು ಸೋತು ದಾರಿ ತಪ್ಪುತ್ತದೆ.

ದಾರಿ ಅಂದೆ, ಅದೇ ಮುಖ್ಯ. ರಷರ್ ಗೋಲಿನ ಒಂದು ಬದಿ ಮುಚ್ಚುತ್ತಾನೆ, ಇನ್ನೊಂದು ಬದಿ ಕೀಪರ್‌ದು. ಮೂವರು ರಷರ್‌ಗಳೂ ಒಂದೇ ಗೆರೆಯಲ್ಲಿ ಓಡದಿದ್ದರೆ ಕೀಪರ್‌ಗೆ ತನ್ನ ಬದಿ ಯಾವುದು ಎಂದೇ ಗೊತ್ತಾಗುವುದಿಲ್ಲ. ಇನ್ನೊಂದು, ಚೆಂಡು ಒಳಗೆ ಬರುವ ಮುನ್ನ ಗೆರೆ ದಾಟಿದ ಡಿಫೆಂಡರ್ ಮಧ್ಯರೇಖೆಗೆ ಹೋಗಬೇಕು, ಅವನ ಬದಲು ಬೇರೆಯವನು ಬರುವಂತಿಲ್ಲ. ಆಗ ನಾಲ್ವರಲ್ಲೇ ತಡೆಯಬೇಕು. ಅದನ್ನೂ ಅಭ್ಯಾಸ ಮಾಡಿಸಿ. ಚೆಂಡು ಕಸಿದ ಮೇಲೆ ಮಾಸ್ಕ್ ಹಾಕಿಕೊಂಡೇ 23 ಮೀಟರ್ ಗೆರೆಯಾಚೆ ಆಡುವಂತಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ.

ನಾಲ್ಕನೇ ವಾರದಿಂದ ಅಭ್ಯಾಸ ಪಂದ್ಯಗಳನ್ನು ಬೇಕೆಂದೇ ಕೆಡಿಸಿ. ಒಂದು ಕ್ವಾರ್ಟರ್‌ನಲ್ಲಿ ಐದು ನಿಮಿಷ ಹಳದಿ ಕಾರ್ಡ್ ಎಂದು ಒಬ್ಬ ಬ್ಯಾಕನ್ನು ಹೊರಗೆ ಕೂರಿಸಿ, ಇನ್ನೊಂದರಲ್ಲಿ ಹಸಿರು ಕಾರ್ಡ್‌ನ ಎರಡು ನಿಮಿಷ. ಯಾರು ಹಿಂದೆ ಸರಿಯುತ್ತಾರೆ, ಮುಂದೆ ಯಾರು ಒಬ್ಬರೇ ಉಳಿಯುತ್ತಾರೆ ಎಂದು ಯಾರೂ ಕೇಳದೆ ಆಗಬೇಕು. ಕೊನೆಯ ಐದು ನಿಮಿಷ ಒಂದು ಗೋಲಿನ ಮುನ್ನಡೆ ಎಂದುಕೊಂಡು ಹೊಸ ಇಬ್ಬರನ್ನೇ ಆಡಿಸಿ. ಇಂಥ ಚೂರುಪಾರಿನಲ್ಲೇ ಸೀಸನ್ ಹಾಳಾಗುವುದು: 2025ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಗಳು ಆಡುವ ಪ್ರೊ ಲೀಗ್‌ನ ಯುರೋಪ್ ಚರಣದಲ್ಲಿ ಭಾರತದ ಪುರುಷರ ತಂಡ ಸತತ ಏಳು ಪಂದ್ಯ ಸೋತಿತು, ಅದರಲ್ಲಿ ಆರು ಒಂದೇ ಗೋಲಿನ ಅಂತರದ ಸೋಲು.

ಡ್ರ್ಯಾಗ್ ಫ್ಲಿಕರ್ ಸಾಲನ್ನು ರಕ್ಷಣೆಯ ಹಾಳೆಯಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಫ್ಲಿಕರ್ ಬಹುಪಾಲು ಬ್ಯಾಕೇ ಆಗಿರುತ್ತಾನೆ, ಕಾರ್ನರ್ ಸಿಕ್ಕಾಗ ಅವನನ್ನೂ ಬೆಂಚಿನಿಂದ ಕರೆಯುವಂತಿಲ್ಲ. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ ಹತ್ತು ಗೋಲು ಹೊಡೆದರು. ಅಂಥವರು ಹೊರಗೆ ಕುಳಿತ ಪ್ರತಿ ನಿಮಿಷ ತಂಡ ಎರಡು ಕೆಲಸ ಕಳೆದುಕೊಳ್ಳುತ್ತದೆ. 2016ರ ರಿಯೊ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್, ಹರ್ಮನ್‌ಪ್ರೀತ್ ಮೂವರೂ ಒಟ್ಟಿಗೆ ಇದ್ದರು, ಮೂವರೂ ಬ್ಯಾಕ್, ಮೂವರೂ ಫ್ಲಿಕರ್. ಆ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ಮೂರು ವಾರ ಮುಗಿದಾಗ ಹಾಳೆಯನ್ನು ಮತ್ತೆ ತುಂಬಿಸಿ. ಆಗಲೂ ಖಾಲಿ ಉಳಿದ ಚೌಕಕ್ಕೆ ಸರಿಹೊಂದುವವನನ್ನೇ ಹೊರಗಿನಿಂದ ತನ್ನಿ. ನನ್ನ ಅಂದಾಜಿನಲ್ಲಿ ಅದು ರಷ್ ಓಡಬಲ್ಲ ಲೆಫ್ಟ್ ಬ್ಯಾಕ್ ಆಗಿರುತ್ತದೆ. ಅವನು ಬಂದ ದಿನವೇ ಇಬ್ಬರೂ ಕೀಪರ್‌ಗಳ ಜೊತೆ, ಒಬ್ಬೊಬ್ಬರ ಎದುರೂ ಬೇರೆ ಬೇರೆಯಾಗಿ, ಕಾರ್ನರ್ ಅಭ್ಯಾಸ ಶುರುಮಾಡಿಸಿ.