ಕೋವಿಡ್ ಬಂದುಹೋದ ಮೇಲೆ ಕುತ್ತಿಗೆ ನೋವು, ಟಿಎಸ್‌ಎಚ್ ಪಾತಾಳಕ್ಕೆ: ವೈರಸ್ ಥೈರಾಯ್ಡ್‌ಗೂ ತಗುಲುತ್ತದೆಯೇ?

ತಗುಲಬಹುದು. ಜ್ವರ ಬಿಟ್ಟು ಮೂರು ವಾರಕ್ಕೆ ಕುತ್ತಿಗೆಯ ಮುಂಭಾಗ ನೋಯುತ್ತಿದೆ, ನೋವು ಕಿವಿವರೆಗೆ ಎಳೆಯುತ್ತಿದೆ, ಎದೆ ಡವಗುಟ್ಟುತ್ತಿದೆ, ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡಲು ಹೇಳುವ ಹಾರ್ಮೋನ್; ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಇದು ಇಳಿಯುತ್ತದೆ) 0.05ಕ್ಕೆ ಕುಸಿದಿದೆ ಎಂದು ಬರೆದಿದ್ದೀರಿ. ನನಗೆ ಮೊದಲು ಬರುವ ಅನುಮಾನ ಸಬ್‌ಅಕ್ಯೂಟ್ ಥೈರಾಯ್ಡೈಟಿಸ್, ಅಂದರೆ ಥೈರಾಯ್ಡ್ ಗ್ರಂಥಿಯ ನೋವಿನ ಉರಿಯೂತ. ವೈರಲ್ ನೆಗಡಿ-ಜ್ವರ ಕಳೆದು 2ರಿಂದ 8 ವಾರದೊಳಗೆ ಇದು ಕಾಣಿಸಿಕೊಳ್ಳುವುದು ಹೊಸದೇನಲ್ಲ. ಕೋವಿಡ್ ನಂತರದ ಮೊದಲ ವರದಿ 2020ರಲ್ಲಿ ಇಟಲಿಯ ಪೀಸಾದಿಂದ ಬಂತು. ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಸಿಇ2 ಪ್ರೋಟೀನ್ ಥೈರಾಯ್ಡ್‌ನಲ್ಲೂ ಇದೆ.

ಈ ಗ್ರಂಥಿ ಎರಡು-ಮೂರು ತಿಂಗಳಿಗೆ ಆಗುವಷ್ಟು ಹಾರ್ಮೋನನ್ನು ದಾಸ್ತಾನು ಇಟ್ಟುಕೊಂಡಿರುತ್ತದೆ. ಉರಿಯೂತವಾದಾಗ ಆ ದಾಸ್ತಾನು ರಕ್ತಕ್ಕೆ ಸೋರುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ತಯಾರಿಕೆ ಹೆಚ್ಚಿರುವುದಿಲ್ಲ. ಹಾಗಾಗಿ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್‌ನಿಂದ ಇಲ್ಲಿ ಪ್ರಯೋಜನವಿಲ್ಲ. ಟಿಎಸ್‌ಎಚ್ ಒಂದನ್ನೇ ನೋಡಿ ಅದನ್ನು ಶುರುಮಾಡುವುದು, ಇಲ್ಲವೇ ಗಂಟಲು ನೋವೆಂದು ಆಂಟಿಬಯೋಟಿಕ್ ಕೊಡುವುದು, ಎರಡೂ ಆಗುತ್ತಿರುತ್ತವೆ.

ಫ್ರೀ ಟಿ4, ಟಿ3 (ಥೈರಾಯ್ಡ್ ಹಾರ್ಮೋನ್‌ಗಳು), ಇಎಸ್‌ಆರ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆಗಳು) ಮಾಡಿಸಿ. ಇಎಸ್‌ಆರ್ 50 ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೂ ಗೊಂದಲವಿದ್ದರೆ ಟೆಕ್ನೀಶಿಯಂ ಸ್ಕ್ಯಾನ್ (ಅಲ್ಪ ಪ್ರಮಾಣದ ವಿಕಿರಣ ವಸ್ತು ಚುಚ್ಚಿ ತೆಗೆಯುವ ಚಿತ್ರ): ಹಾರ್ಮೋನ್ ತಯಾರಿಕೆಯೇ ಹೆಚ್ಚುವ ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿ ಎದ್ದು ಕಾಣುತ್ತದೆ, ಇದರಲ್ಲಿ ಮಸುಕು. ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಮೊದಲೇ ತಿಳಿಸಿ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗುತ್ತಿದ್ದೀರಾ? ರಕ್ತ ಕೊಡುವ 2-3 ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಇಳಿದಂತೆ, ಟಿ4 ಏರಿದಂತೆ ಸುಳ್ಳು ಅಂಕಿ ತೋರಿಸುತ್ತದೆ.

ನೋವಿಗೆ ಸಾಮಾನ್ಯವಾಗಿ ಐಬುಪ್ರೊಫೆನ್ ಅಥವಾ ನ್ಯಾಪ್ರೊಕ್ಸೆನ್, ಎದೆಬಡಿತಕ್ಕೆ ಪ್ರೊಪ್ರನೊಲಾಲ್ (ಅಸ್ತಮಾ ಇದ್ದವರಿಗೆ ಬೇಡ). ಕೆಲವು ದಿನಗಳಲ್ಲಿ ಬಗ್ಗದಿದ್ದರೆ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ದಿನಕ್ಕೆ 15ರಿಂದ 40 ಮಿ.ಗ್ರಾಂ. ನೋವು ಒಂದೆರಡು ದಿನದಲ್ಲೇ ಮಾಯ. ತೊಂದರೆ ಶುರುವಾಗುವುದೂ ಅಲ್ಲೇ. ವಾಸಿಯಾಯಿತೆಂದು ಮಾತ್ರೆ ಬಿಟ್ಟರೆ ನೋವು ಮರಳುತ್ತದೆ. ಹಲವು ವಾರ ನುಂಗಿ ಒಮ್ಮೆಲೇ ನಿಲ್ಲಿಸಿದರಂತೂ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಇನ್ನೂ ಎಚ್ಚೆತ್ತಿರುವುದಿಲ್ಲ: ಸುಸ್ತು, ವಾಂತಿ, ಬಿಪಿ ಕುಸಿತ. ಆರು ವಾರದಷ್ಟು ಕಾಲ ಹಂತಹಂತವಾಗಿ ಇಳಿಸಬೇಕು. ಸಕ್ಕರೆ ಕಾಯಿಲೆಯಿದ್ದರೆ ಈ ಅವಧಿಯಲ್ಲಿ ಗ್ಲುಕೋಮೀಟರ್ ಕೈಯಳತೆಯಲ್ಲಿರಲಿ.

4-6 ವಾರಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ. ದಾಸ್ತಾನು ಮುಗಿದ ಮೇಲೆ ಟಿಎಸ್‌ಎಚ್ ಉಲ್ಟಾ ಏರಬಹುದು. ಆಗ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಬೇಕಾದರೂ ಹೆಚ್ಚಿನವರಿಗೆ ಕೆಲವು ತಿಂಗಳು ಮಾತ್ರ. ನೂರಕ್ಕೆ 5ರಿಂದ 15 ಮಂದಿಗೆ ಅದು ಕಾಯಂ ಆಗುತ್ತದೆ. ಪ್ರತಿ ಸಲವೂ ಫ್ರೀ ಟಿ4 ಜೊತೆಗಿರಲಿ, ಏಕೆಂದರೆ ಟಿ4 ಸರಿಹೋದ ಮೇಲೂ ಟಿಎಸ್‌ಎಚ್ ವಾರಗಟ್ಟಲೆ ಕೆಳಗೇ ಇರುತ್ತದೆ.